ಬಿಲಾಲರ ಕಥೆಯ ನಂತರದ ಪಾಠ

ಫಿಕ್ಹ್ ತರಗತಿಯಲ್ಲಿ ಝಕಾತ್‌ನ ಎಂಟು ಹಕ್ಕುದಾರರ ಪಾಠ ಬರುತ್ತದೆ. ಫಕೀರ್, ಮಿಸ್ಕೀನ್ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾ 'ರಿಕಾಬ್' ಎಂಬಲ್ಲಿಗೆ ಬಂದಾಗ ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ: "ಉಸ್ತಾದ್, ಈಗ ಗುಲಾಮರು ಎಲ್ಲಿದ್ದಾರೆ?" ಈಗ ಇಲ್ಲ ಎಂಬ ಉತ್ತರ ಸಿದ್ಧ ಉಂಟು. ಹಾಗಾದರೆ ಅವರನ್ನು ಯಾರು ಬಿಡಿಸಿದರು ಎಂಬ ಎರಡನೇ ಪ್ರಶ್ನೆಗೆ ನಮ್ಮ ಪಾಠಗಳಲ್ಲಿ ಉತ್ತರ ಇಲ್ಲ. ಶಾಲೆಯಲ್ಲಿ ಲಿಂಕನ್ ಹೆಸರು ಕೇಳಿರುತ್ತಾರೆ, ಅಷ್ಟೆ. ಈ ಚರಿತ್ರೆಯನ್ನು ಮದ್ರಸದಲ್ಲೇ ಕಲಿಸಬೇಕು, ಅದೂ ದೊಡ್ಡ ಕ್ಲಾಸಿನ ಮಕ್ಕಳಿಗೆ ಪೂರ್ತಿಯಾಗಿ ಕಲಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಬಿಲಾಲ್ (ರ) ಅವರ ಎದೆಯ ಮೇಲೆ ಬಂಡೆ ಇಟ್ಟದ್ದು, ಅಬೂಬಕ್ಕರ್ ಸಿದ್ದೀಕ್ (ರ) ಹಣ ಕೊಟ್ಟು ಬಿಡಿಸಿದ್ದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಆದರೆ ಒಬ್ಬನನ್ನು ಬಿಡಿಸುವುದು ಬೇರೆ, ಇಡೀ ವ್ಯಾಪಾರವನ್ನೇ ನಿಲ್ಲಿಸುವುದು ಬೇರೆ. ಆ ಎರಡನೆಯದರ ಕಥೆ 1787ರಲ್ಲಿ ಲಂಡನ್ನಿನ ಒಂದು ಮುದ್ರಣಾಲಯದಲ್ಲಿ ಸೇರಿದ ಹನ್ನೆರಡು ಜನರಿಂದ ಹೇಳಬಹುದು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಎಂಬ ಸಣ್ಣ ಕ್ರೈಸ್ತ ಪಂಗಡದವರು. ಥಾಮಸ್ ಕ್ಲಾರ್ಕ್‌ಸನ್ ಎಂಬ ಯುವಕ ಕುದುರೆ ಏರಿ ಬಂದರಿನಿಂದ ಬಂದರಿಗೆ ಹೋಗಿ ನಾವಿಕರನ್ನು ಮಾತಾಡಿಸಿದರು, ಕೈಕೋಳ, ಸಂಕೋಲೆ ತಂದು ಜನರಿಗೆ ತೋರಿಸಿದರು. ಅದಕ್ಕೆ ಕೆಲವು ವರ್ಷ ಮೊದಲು, 1781ರಲ್ಲಿ, ಝೋಂಗ್ ಎಂಬ ಹಡಗಿನವರು 130ಕ್ಕೂ ಹೆಚ್ಚು ಗುಲಾಮರನ್ನು ಜೀವಂತ ಸಮುದ್ರಕ್ಕೆ ಎಸೆದು, ಸರಕು ನಷ್ಟವಾಯಿತು ಎಂದು ವಿಮೆಯ ಹಣ ಕೇಳಿದ್ದರು. ಕೋರ್ಟಿನಲ್ಲಿ ನಡೆದದ್ದು ಕೊಲೆ ಕೇಸಲ್ಲ, ವಿಮೆ ಕೇಸು.

1791ರಲ್ಲಿ ಪಾರ್ಲಿಮೆಂಟು ಮಸೂದೆಯನ್ನು ತಳ್ಳಿಹಾಕಿತು. ಆಗ ಜನ ಏನು ಮಾಡಿದರು ಗೊತ್ತುಂಟಾ? ಸಕ್ಕರೆ ಬಿಟ್ಟರು. ವೆಸ್ಟ್ ಇಂಡೀಸ್‌ನ ಸಕ್ಕರೆ ಗುಲಾಮರ ಬೆವರಿನದ್ದು ಎಂದು ಚಾಯಕ್ಕೆ ಹಾಕುವುದನ್ನೇ ನಿಲ್ಲಿಸಿದರು. ಸುಮಾರು 3 ಲಕ್ಷ ಮಂದಿ ಎಂಬುದು ಕ್ಲಾರ್ಕ್‌ಸನ್ ಅವರ ಲೆಕ್ಕ. ಓಟಿನ ಹಕ್ಕಿಲ್ಲದ ಹೆಂಗಸರು ಅಡುಗೆ ಮನೆಯಲ್ಲಿ ಕೈಗೊಂಡ ತೀರ್ಮಾನ ಇದು. ಬಹಿಷ್ಕಾರ ಎಂದರೇನೆಂದು ನಮ್ಮ ಮನೆಗಳ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಿಳಿಯರು ದಯೆ ತೋರಿ ಬಿಟ್ಟುಬಿಟ್ಟರು ಎಂದು ಕಲಿಸಿದರೆ ಅದು ಅರ್ಧ ಸತ್ಯ. ಝೋಂಗ್ ಸುದ್ದಿಯನ್ನು ಹೋರಾಟಗಾರರಿಗೆ ಮುಟ್ಟಿಸಿದ್ದೇ ಒಲೌಡಾ ಇಕ್ವಿಯಾನೋ ಎಂಬ ಮಾಜಿ ಗುಲಾಮ. ಗುಲಾಮನಾಗಿ ಹಡಗಿನಲ್ಲಿ ದುಡಿಯುತ್ತಿದ್ದಾಗಲೇ ಅವರು ಮೂರು ಪೆನ್ಸಿಗೆ ಒಂದು ಗಾಜಿನ ಲೋಟ ಕೊಂಡು ಇನ್ನೊಂದು ದ್ವೀಪದಲ್ಲಿ ಎರಡು ಪಟ್ಟಿಗೆ ಮಾರಿದರು. ಹೀಗೆ ಕೂಡಿಸಿ ಕೂಡಿಸಿ 1766ರಲ್ಲಿ 40 ಪೌಂಡ್ ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡರು. ಈ ಲೆಕ್ಕ ಬ್ಯಾರಿ ಮಕ್ಕಳ ತಲೆಗೆ ಬೇಗ ಹತ್ತುತ್ತದೆ! ಫಿಕ್ಹ್‌ನಲ್ಲಿ ಬರುವ 'ಮುಕಾತಬ್' ಎಂದರೆ ಏನೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. 1789ರಲ್ಲಿ ಅವರು ತಮ್ಮ ಬದುಕಿನ ಕಥೆ ಬರೆದು ಊರೂರು ತಿರುಗಿ ಮಾರಿದರು.

ಉಮರ್ ಬಿನ್ ಸಯೀದ್ ಹೆಸರು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಈಗಿನ ಸೆನೆಗಲ್ ಕಡೆಯವರು, ವರ್ಷಗಟ್ಟಲೆ ದೀನೀ ವಿದ್ಯೆ ಕಲಿತ ಆಲಿಂ. 1807ರಲ್ಲಿ ಹಿಡಿದು ಅಮೆರಿಕಕ್ಕೆ ಸಾಗಿಸಿ ಮಾರಿದರು. ಕ್ರೂರಿ ಯಜಮಾನನಿಂದ ತಪ್ಪಿಸಿಕೊಂಡು ಸಿಕ್ಕಿಬಿದ್ದು ಜೈಲು ಸೇರಿದಾಗ ಅಲ್ಲಿನ ಗೋಡೆಗಳ ಮೇಲೆ ಅರಬಿಯಲ್ಲಿ ಬರೆದರು. 1831ರಲ್ಲಿ ಅರಬಿಯಲ್ಲೇ ಆತ್ಮಕಥೆ ಬರೆದರು. ಅದು ಶುರುವಾಗುವುದು ಸೂರತುಲ್ ಮುಲ್ಕ್‌ನಿಂದ. ನಮ್ಮ ಮಕ್ಕಳು ಬಾಯಿಪಾಠ ಮಾಡುವ ಅದೇ ತಬಾರಕ ಸೂರತ್. ಒಡೆತನ ಯಾರದ್ದು ಎಂದು ಹೇಳುವ ಆ ಸೂರತ್ತನ್ನೇ ಇನ್ನೊಬ್ಬನ ಒಡೆತನದಲ್ಲಿದ್ದ ಮನುಷ್ಯ ಯಾಕೆ ಆರಿಸಿಕೊಂಡರು? ಮಕ್ಕಳೇ ಯೋಚಿಸಲಿ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಪೂರ್ತಿ ಅಳಿದದ್ದು 1865ರಲ್ಲಿ, ಅದನ್ನು ನೋಡಲು ಅವರು ಇರಲಿಲ್ಲ.

ಈಗ ಕಷ್ಟದ ಭಾಗ. ಗುಲಾಮರನ್ನು ಬಿಡಿಸುವುದನ್ನು ಕುರ್‌ಆನ್ ಪುಣ್ಯ ಎಂದಿತು, ಕಫ್ಫಾರತ್ ಮಾಡಿತು, ಝಕಾತ್‌ನಲ್ಲಿ ಪಾಲು ಇಟ್ಟಿತು. ಬಾಗಿಲು ತೆರೆದಿತ್ತು. ಆದರೆ ಮುಸ್ಲಿಂ ಸುಲ್ತಾನರು, ವ್ಯಾಪಾರಿಗಳು ಶತಮಾನಗಳ ಕಾಲ ಗುಲಾಮರನ್ನು ಕೊಂಡು ಮಾರಿದ್ದೂ ಸತ್ಯ. ಝಾಂಝಿಬಾರ್‌ನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ, ಅದೂ ಬ್ರಿಟಿಷರ ಒತ್ತಡದಿಂದ. ಟುನೀಶಿಯದ ಅಹ್ಮದ್ ಬೇ 1846ರಲ್ಲೇ ರದ್ದು ಮಾಡಿದರು, ಅಮೆರಿಕಕ್ಕಿಂತ ಮೊದಲು. ಸೌದಿಯಲ್ಲಿ 1962ರವರೆಗೆ, ಮಾರಿಟಾನಿಯದಲ್ಲಿ 1981ರವರೆಗೆ ಕಾದರು. ಇದನ್ನೆಲ್ಲ ಮಕ್ಕಳಿಗೆ ಯಾಕೆ ಹೇಳುವುದು, ದ್ವೇಷಿಸುವವರ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವಾ ಎಂದು ಕೆಲವು ಹಿರಿಯರು ಕೇಳ್ತಾರೆ. ಆ ಕೋಲು ಈಗಾಗಲೇ ಮೊಬೈಲಿನಲ್ಲಿ ಉಂಟು. ಪಿಯುಸಿಗೆ ಹೋದ ಹುಡುಗ ಅದನ್ನು ಅಪರಿಚಿತನ ಬಾಯಿಂದ ಮೊದಲ ಸಲ ಕೇಳಿ ತಬ್ಬಿಬ್ಬಾಗುವುದಕ್ಕಿಂತ, ಉಸ್ತಾದರಿಂದ ಪೂರ್ತಿ ಲೆಕ್ಕದೊಂದಿಗೆ ಕೇಳಿರುವುದು ಮೇಲು.

ಬ್ರಿಟಿಷರ ಲೆಕ್ಕವನ್ನೂ ಪೂರ್ತಿ ಹೇಳಬೇಕು. 1833ರ ಕಾನೂನು ಸುಮಾರು 8 ಲಕ್ಷ ಮಂದಿಯನ್ನು ಬಿಡಿಸಿತು, ಆದರೆ ಪರಿಹಾರದ 2 ಕೋಟಿ ಪೌಂಡ್ ಹೋದದ್ದು ಯಜಮಾನರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಆ ಕಾನೂನು ಈಸ್ಟ್ ಇಂಡಿಯಾ ಕಂಪೆನಿಯ ಪ್ರದೇಶಗಳಿಗೆ ಅನ್ವಯಿಸಲೂ ಇಲ್ಲ. ಅಂದರೆ 1799ರಿಂದ ಕಂಪೆನಿಯ ಕೈಯಲ್ಲಿದ್ದ ನಮ್ಮ ಕೆನರಾ ಜಿಲ್ಲೆಗೂ ಇಲ್ಲ. ಇಲ್ಲಿ ಗದ್ದೆಯೊಂದಿಗೆ ಆಳುಗಳೂ ಒಡೆಯನ ಸೊತ್ತಾಗಿದ್ದರು. 1801ರಲ್ಲಿ ಇಲ್ಲಿ ಓಡಾಡಿದ ಬುಕಾನನ್ ಅದನ್ನು ಬರೆದಿಟ್ಟಿದ್ದಾರೆ. ಇಲ್ಲಿಗೆ ಕಾನೂನು ಬಂದದ್ದು 1843ರಲ್ಲಿ.

ಅದಕ್ಕೂ ಏಳುನೂರು ವರ್ಷ ಹಿಂದಿನ ಒಂದು ಕಾಗದ ಉಂಟು. ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿ ಬೆನ್ ಯಿಜು 1132ರಲ್ಲಿ ಆಶು ಎಂಬ ದಾಸಿಗೆ ಬರೆದುಕೊಟ್ಟ ಬಿಡುಗಡೆ ಪತ್ರ. ಅದು ಸಿಕ್ಕಿದ್ದು ಕೈರೋದ ಹಳೇ ಸಿನಗಾಗ್ ಒಂದರ ಕಾಗದದ ರಾಶಿಯಲ್ಲಿ. ನಮ್ಮ ಬಂದರಿನಲ್ಲೂ ಮನುಷ್ಯರು ಸರಕಾಗಿದ್ದರು ಎಂಬುದಕ್ಕೆ ಸಾಕ್ಷಿ ಅದು.

ಪಠ್ಯ ಬದಲಾಗಲು ವರ್ಷಗಳೇ ಬೇಕಾದೀತು, ಅದಕ್ಕೆ ಕಾಯಬೇಕಾಗಿಲ್ಲ. ಮೀಲಾದ್ ಕಾರ್ಯಕ್ರಮದ ಭಾಷಣಕ್ಕೆ ಪ್ರತಿ ವರ್ಷ ಅದೇ ನಾಲ್ಕು ವಿಷಯ ಕೊಡುತ್ತೇವಲ್ಲ, ಈ ಸಲ ಒಬ್ಬನಿಗೆ ಇಕ್ವಿಯಾನೋ, ಒಬ್ಬಳಿಗೆ ಸಕ್ಕರೆ ಬಿಟ್ಟ ಹೆಂಗಸರು, ಇನ್ನೊಬ್ಬನಿಗೆ ಆಶುವಿನ ಪತ್ರ ಎಂದು ಹಂಚಬಹುದು. ನಮ್ಮಲ್ಲಿ ಹಂಚಿ ಆಗಿದೆ. ಉಮರ್ ಬಿನ್ ಸಯೀದ್ ಬೇಕೆಂದು ಇಬ್ಬರು ಜಗಳವಾಡುತ್ತಿದ್ದಾರೆ.