ಸೇತುವೆ ಮುಚ್ಚಿದ ದಿನದ ಪಾಠ

ಬಳ್ಳಾರಿಯಿಂದ ಸಿರುಗುಪ್ಪ, ಕುರುಗೋಡು ಕಡೆಯ ಶಾಲೆಗಳಿಗೆ ಪಾಠಾಭ್ಯಾಸಕ್ಕೆಂದು ನಾವು ನಾಲ್ವರು ಒಂದೇ ಕಾರಿನಲ್ಲಿ ಹೋಗುತ್ತೇವೆ. ಮಳೆ ಹಿಡಿದರೆ ಪಾಠಯೋಜನೆಗಿಂತ ದಾರಿಯದೇ ಚಿಂತೆ.

ಗಂಗಾವತಿಯಿಂದ ಕುರುಗೋಡಿಗೆ ಬರುವ ಸಹಪಾಠಿ ಕಂಪ್ಲಿ ಸೇತುವೆ ದಾಟಬೇಕು. ತುಂಗಭದ್ರಾ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟರೆ ಅದು ಮುಳುಗುತ್ತದೆ. ಆದರೆ ನೀರು ಬಿಡುವ ಸೂಚನೆ ಸಾಮಾನ್ಯವಾಗಿ ಮೊದಲೇ ಸಿಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಂಥದ್ದು ಅಪರೂಪ. ಹಳ್ಳದ ಮಾತೇ ಬೇರೆ. ಮೇಲಿನ ಊರುಗಳಲ್ಲಿ ರಾತ್ರಿ ಮಳೆಯಾದರೆ ಬೆಳಿಗ್ಗೆ ಕಿರುಸೇತುವೆಯ ಮೇಲೆ ನೀರು. ಅದಕ್ಕೇ ಬೆಳಿಗ್ಗೆ 6ಕ್ಕೆ ಹಳ್ಳದಾಚೆಯ ಪೋಷಕರೊಬ್ಬರಿಗೆ ಫೋನ್ ಮಾಡಿಯೇ ಹೊರಡುತ್ತೇವೆ.

ಒಮ್ಮೆ ಸುತ್ತುದಾರಿ ಹಿಡಿದು ಎರಡನೇ ಅವಧಿಗೆ ಶಾಲೆ ಮುಟ್ಟಿದೆ. ವೀಕ್ಷಕರು ಕಾಯುತ್ತಿದ್ದರು. ಬೆಳಕಿನ ವಕ್ರೀಭವನದ ಹೊಸ ಪಾಠ ಮುಗಿಸಿದೆ. ಹಳ್ಳದಾಚೆಯ ಮಕ್ಕಳು ಬಂದಿರಲಿಲ್ಲ. ನನ್ನ ಪಾಠ ಲೆಕ್ಕಕ್ಕೆ ಬಂತು. ಅವರಿಗೆ ಪಾಠ ತಪ್ಪಿತು.

ಮಳೆಗಾಲದ ಪ್ರತಿ ಘಟಕಯೋಜನೆಯಲ್ಲೂ ಒಂದು ಪುನರಾವರ್ತನೆ ಪಾಠ ಸಿದ್ಧವಿರಲಿ. ಸೇತುವೆ ಮುಚ್ಚಿದ ದಿನ ಅದನ್ನೇ ವೀಕ್ಷಿಸಿ ಅಂಕ ಕೊಡಲಿ. ಬರಲಾಗದ ಪ್ರಶಿಕ್ಷಣಾರ್ಥಿಗೆ ಬೇರೆ ದಿನ ಸಿಗಲಿ. ಅಂಕ ಹೋದೀತೆಂಬ ಭಯದಿಂದ ಯಾರೂ ಹರಿಯುವ ನೀರಿಗೆ ಕಾರು ಇಳಿಸುವಂತಾಗಬಾರದು.