ಹಂಚಿನ ಮನೆಯೂ ಬಂಡವಾಳವೇ

ಮುರ್ಡೇಶ್ವರಕ್ಕೆ ಹೊಂದಿಕೊಂಡ ಕಾಯ್ಕಿಣಿಯಂಥ ಊರುಗಳಲ್ಲಿ ಹಳೆಯ ಹಂಚಿನ ಮನೆಯನ್ನು ಕೆಡವಿ ಕಾಂಕ್ರೀಟಿನ ಲಾಡ್ಜ್ ಕಟ್ಟಿದರೆ ಮಾತ್ರ ಪ್ರವಾಸಿಗರಿಂದ ಆದಾಯವೆಂದು ಭಾವಿಸುವವರಿದ್ದಾರೆ. ಈ ಲೆಕ್ಕಾಚಾರವನ್ನು ವರ್ತಕ ಸಮುದಾಯವು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯ.

ಜಪಾನಿನ ತ್ಸುಮಾಗೋ ಗ್ರಾಮದ ಉದಾಹರಣೆ ಇಲ್ಲಿ ಗಮನಾರ್ಹ. ಎಡೋ ಮತ್ತು ಕ್ಯೋಟೊ ನಗರಗಳನ್ನು ಜೋಡಿಸುತ್ತಿದ್ದ ನಾಕಾಸೆಂಡೊ ಹೆದ್ದಾರಿಯಲ್ಲಿ ಅದೊಂದು ತಂಗುದಾಣವಾಗಿತ್ತು. ರೈಲುಮಾರ್ಗ ಬೇರೆಡೆ ಹಾದುಹೋದ ಬಳಿಕ ಅಲ್ಲಿನ ವ್ಯಾಪಾರ ಕುಸಿಯಿತು. 1971ರಲ್ಲಿ ನಿವಾಸಿಗಳು ತಮ್ಮ ಮನೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂಬ ಕಟ್ಟುಪಾಡು ಮಾಡಿಕೊಂಡರು. 1976ರಲ್ಲಿ ಸರ್ಕಾರವೂ ಊರಿಗೆ ಸಂರಕ್ಷಿತ ಸ್ಥಾನ ನೀಡಿತು. ಇಂದು ನೆರೆಯ ಮಾಗೋಮೆಯಿಂದ ಸುಮಾರು 8 ಕಿ.ಮೀ. ನಡೆದು ಬರುವ ಚಾರಣಿಗರು ಅಲ್ಲಿನ ‘ಮಿನ್‌ಶುಕು’ ಎಂಬ ಮನೆವಸತಿಗಳಲ್ಲಿ ತಂಗುತ್ತಾರೆ. ಅಲ್ಲಿ ವೈಭವವಿಲ್ಲ, ಕಾಗದದ ಜಾರುಬಾಗಿಲು, ಎಲ್ಲರಿಗೂ ಒಂದೇ ಸ್ನಾನಗೃಹ, ನೆಲದ ಮೇಲೆ ಹಾಸಿಗೆ. ಆದರೆ ಶುಚಿತ್ವದಲ್ಲಿ ರಾಜಿಯಿಲ್ಲ, ಹೇಳಿದ ಹೊತ್ತಿಗೆ ಊಟ ತಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿಯೂ ಚಾರಣಿಗರು ಕುಮಟಾದಿಂದ ಕಡಲಂಚಿನಲ್ಲಿ ನಡೆದು, ಅಘನಾಶಿನಿಯನ್ನು ದೋಣಿಯಲ್ಲಿ ದಾಟಿ, ತದಡಿಯ ಮೂಲಕ ಗೋಕರ್ಣ ಸೇರುತ್ತಾರೆ. ಅದೇ ಕರಾವಳಿಯ ದಕ್ಷಿಣದಲ್ಲಿರುವ ಹೊನ್ನಾವರ, ಕಾಯ್ಕಿಣಿಗಳಿಗೂ ಇಂತಹ ಅತಿಥಿಗಳನ್ನು ಆಕರ್ಷಿಸುವ ಅವಕಾಶವಿದೆ. ದಣಿದು ಬಂದವರಿಗೆ ಮುಖ್ಯವಾಗಿ ಬೇಕಾದುದು ಒಣ ಹಾಸಿಗೆ, ಬಿಸಿನೀರು, ಸ್ವಚ್ಛ ಶೌಚಾಲಯ, ಕುಚ್ಚಿಗೆ ಅಕ್ಕಿಯ ಅನ್ನ ಮತ್ತು ಮೀನುಸಾರು.

ಲಾಡ್ಜ್ ಕಟ್ಟಿದವನ ಸಾಲದ ಕಂತು ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಕುಟುಂಬವೇ ವಾಸಿಸುವ ಮನೆಯಲ್ಲಿ ಎರಡು ಕೋಣೆ ಖಾಲಿ ಉಳಿದರೆ ಆಗುವ ನಷ್ಟ ಅಲ್ಪ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಹೊರೆಯೂ ಇರುವುದಿಲ್ಲ. ಅತಿಥಿ ನೀಡಿದ ಹಣವು ಊರಿನ ಬಡಗಿ, ಕಿರಾಣಿ ವ್ಯಾಪಾರಿ, ಮೀನು ಮಾರುವ ಮಹಿಳೆ, ಹಪ್ಪಳ ತಯಾರಕರ ಕೈಸೇರುತ್ತದೆ.

ಆದರೆ ಹಳೆಯದೆಂಬುದು ಅವ್ಯವಸ್ಥೆಗೆ ನೆಪವಾಗಬಾರದು. ಸೋರುವ ಮಾಡು, ಸವೆದ ವಿದ್ಯುತ್ ತಂತಿ, ಕೊಳಕು ಬಚ್ಚಲುಗಳನ್ನು ಯಾವ ಅತಿಥಿಯೂ ಕ್ಷಮಿಸುವುದಿಲ್ಲ. ಮನೆಯ ಮಿತಿಗಳನ್ನು ಮುಂಗಡವಾಗಿಯೇ ತಿಳಿಸುವುದು, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸುವುದು, ವಿದೇಶಿ ಅತಿಥಿಗಳ ವಿವರವನ್ನು ಸಕಾಲದಲ್ಲಿ ಸಲ್ಲಿಸುವುದು ಮಾಲೀಕರ ಕರ್ತವ್ಯ.

ಇಂತಹ ದುರಸ್ತಿಗೆ ಬೇಕಾದ ಸಣ್ಣ ಸಾಲದ ಕುರಿತು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ವರ್ತಕ ಸಂಘಗಳು ಬ್ಯಾಂಕುಗಳೊಡನೆ ಚರ್ಚಿಸಬೇಕು. ಮುಂದಿನ ಪ್ರವಾಸಿ ಋತುವಿಗೆ ಮೊದಲೇ ಈ ಕಾರ್ಯ ಆರಂಭವಾಗುವುದು ಒಳಿತು. ಕೆಡವಿದ ಮನೆಯನ್ನು ಯಾವ ಸಾಲವೂ ಮರಳಿ ತರಲಾರದು.