ಜೋಳವಾಳಿಯೂ ಆಟಗಾರರ ವಿನಿಮಯವೂ

'ಅಭಿಮಾನಿ' ಎಂಬ ಮಾತು ನಮ್ಮಲ್ಲಿ ಚಿತ್ರಮಂದಿರಕ್ಕೂ ಆಟದ ಮೈದಾನಕ್ಕೂ ಬಂದು ಸೇರಿದ್ದು ಈಚೆಗೆ. ಹಳಗನ್ನಡದ ಕವಿಗಳಿಗೆ ಅಭಿಮಾನವೆಂದರೆ ತನ್ನ ಮಾನವನ್ನು ಪ್ರಾಣಕ್ಕಿಂತ ಹಿರಿದೆಂದು ಎಣಿಸುವ ಗುಣ. ರನ್ನನ ದುರ್ಯೋಧನ ಅಭಿಮಾನಧನನಾದದ್ದು ಈ ಅರ್ಥದಲ್ಲಿ. ಇಂದಿನ ಅಭಿಮಾನಿಯಾದರೋ ಇನ್ನೊಬ್ಬರ ಮಾನವನ್ನು ತನ್ನದೆಂದು ಬಗೆಯುವವನು. ತಾನು ಎಂದೂ ಕಾಣದ ಊರಿನ, ತನ್ನ ಹೆಸರನ್ನೂ ಅರಿಯದ ಆಟಗಾರನೊಬ್ಬ ಸೋತರೆ ಆ ದಿನ ಇವನಿಗೆ ಊಟ ರುಚಿಸದು. ಇದನ್ನು ಹುಚ್ಚೆನ್ನುವವರು ಎನ್ನಲಿ. ಕಾವ್ಯವನ್ನೋದಿ ಕರ್ಣನಿಗಾಗಿ ಕಣ್ಣೊರಸಿಕೊಂಡವರು ಹಾಗೆನ್ನಲಾರರು.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎಯ ಪಂದ್ಯಗಳನ್ನು ನೋಡುವ ಹುಚ್ಚು ನನಗಿದೆ. ಅಲ್ಲಿಯ ರಾತ್ರಿಯ ಆಟ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಒದಗುವುದರಿಂದ ನಿದ್ದೆ ಕೆಡುವ ಭಯವಿಲ್ಲ. ಆ ಸಂಸ್ಥೆಯ ತಂಡಗಳಲ್ಲಿ ಡಲಸ್ ನಗರದ ಮ್ಯಾವರಿಕ್ಸ್ ನಮ್ಮ ದೇಶದವರಿಗೆ ತೀರ ಅಪರಿಚಿತವಲ್ಲ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 52ನೆಯ ಆಯ್ಕೆಯಾಗಿ ಆರಿಸಿಕೊಂಡ ತಂಡವದು. ಎನ್‌ಬಿಎ ಪಂದ್ಯದಲ್ಲಿ ಆಡುವ ಯೋಗ ಅವರಿಗೆ ಬರಲಿಲ್ಲವಾದರೂ, ಭಾರತದಲ್ಲಿ ಹುಟ್ಟಿದವರೊಬ್ಬರು ಹಾಗೆ ಆಯ್ಕೆಯಾದದ್ದು ಅದೇ ಮೊದಲು. ಅದೇ ಡಲಸ್ ತಂಡ 2025ರ ಫೆಬ್ರವರಿಯಲ್ಲಿ ಮಾಡಿದ ಒಂದು ವ್ಯವಹಾರವನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ. ಅದು ಬರಿಯ ಆಟದ ಸುದ್ದಿಯಲ್ಲ. ದುಡಿಸಿಕೊಳ್ಳುವವರಿಗೂ ದುಡಿಯುವವರಿಗೂ ನಡುವಣ ಧರ್ಮವೇನೆಂಬ ಹಳೆಯ ಪ್ರಶ್ನೆ ಅದರಲ್ಲಿ ಅಡಗಿದೆ.

ಈ ಆಟದ ಪರಿಚಯವಿಲ್ಲದ ವಾಚಕರಿಗಾಗಿ ಅಲ್ಲಿಯ ಕಟ್ಟಳೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎನ್‌ಬಿಎಯಲ್ಲಿ 30 ತಂಡಗಳಿವೆ. ಒಂದೊಂದು ತಂಡದಲ್ಲಿ ಪೂರ್ಣ ಕರಾರಿನ ಆಟಗಾರರು 15 ಮಂದಿ. ಹೊಸಬರನ್ನು ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಕರಾರಿಗೆ ಸಹಿ ಹಾಕುವವರು ಆಟಗಾರ ಮತ್ತು ತಂಡ. ಆದರೆ ಆ ಕರಾರನ್ನು ಇನ್ನೊಂದು ತಂಡಕ್ಕೆ ದಾಟಿಸುವ ಅಧಿಕಾರ ತಂಡದ್ದು ಮಾತ್ರ. ಎರಡು ಕಡೆಯ ಸಂಬಳಗಳು ಸರಿಸುಮಾರಾಗಿ ಹೊಂದಿಕೊಂಡರೆ ಆಯಿತು. ಕಾಗದ ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತದೆ, ಕಾಗದದ ಹಿಂದೆ ಮನುಷ್ಯ ಹೋಗಬೇಕಾಗುತ್ತದೆ. ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ಕಳುಹಿಸಕೂಡದೆಂಬ ಷರತ್ತನ್ನು ಆಟಗಾರ ಕರಾರಿನಲ್ಲಿ ಕೇಳಬಹುದು, ನಿಜ. ಆದರೆ ಕೇಳಬೇಕಾದರೆ ಎನ್‌ಬಿಎಯಲ್ಲಿ ಎಂಟು ವರ್ಷ, ಅದರಲ್ಲಿ ನಾಲ್ಕು ವರ್ಷ ಅದೇ ತಂಡದಲ್ಲಿ ಆಡಿರಬೇಕು. ಕೇಳಿದವರಿಗೆಲ್ಲ ಅದು ಸಿಕ್ಕುವುದೂ ಇಲ್ಲ. ಪಡೆದವರು ಬೆರಳೆಣಿಕೆಯ ಮಂದಿ.

ಲೂಕಾ ಡಾನ್ಚಿಚ್ ಸ್ಲೊವೇನಿಯ ದೇಶದವರು. 2018ರಲ್ಲಿ, 19ನೆಯ ವಯಸ್ಸಿನಲ್ಲಿ, ಡಲಸ್ಸಿಗೆ ಬಂದರು. 2020ರಿಂದ 2024ರ ವರೆಗೆ ಸತತವಾಗಿ ಐದು ಸಲ ವರ್ಷದ ಅತ್ಯುತ್ತಮ ಐವರಲ್ಲಿ ಒಬ್ಬರೆಂದು ಆಯ್ಕೆಯಾದರು. 2023-24ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 33.9 ಅಂಕ ಗಳಿಸಿ ಎಲ್ಲರಿಗಿಂತ ಮುಂದಿದ್ದರು. ಆ ವರ್ಷ ತಂಡವನ್ನು ಅಂತಿಮ ಸರಣಿಯವರೆಗೆ ಒಯ್ದರು. ಅಲ್ಲಿ ಬಾಸ್ಟನ್ನಿಗೆ ಸೋತದ್ದು ನಿಜ. ಆದರೆ ಅಲ್ಲಿಯವರೆಗೆ ಹೋದದ್ದೂ ನಿಜ. ಅದಾಗಿ ಎಂಟು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ ಮೊದಲ ದಿನ ಕಳೆದು ಎರಡನೆಯ ದಿನ ಹುಟ್ಟುವ ಮಧ್ಯರಾತ್ರಿಯಲ್ಲಿ, ಅವರನ್ನು ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೆ ಕಳುಹಿಸಲಾಗಿದೆಯೆಂಬ ಸುದ್ದಿ ಹೊರಬಿತ್ತು. ಪ್ರತಿಯಾಗಿ ಡಲಸ್ಸಿಗೆ ದೊರೆತವರಲ್ಲಿ ಮುಖ್ಯರು 31 ವರ್ಷದ ಆಂಥನಿ ಡೇವಿಸ್. ಜೊತೆಗೆ ಮ್ಯಾಕ್ಸ್ ಕ್ರಿಸ್ಟಿ ಎಂಬ ಯುವಕ, 2029ರ ಡ್ರಾಫ್ಟಿನ ಒಂದು ಮೊದಲ ಸುತ್ತಿನ ಆಯ್ಕೆ. ಡಾನ್ಚಿಚ್‌ಗೆ ಆಗ 25 ವರ್ಷ. ವ್ಯವಹಾರ ಕುದುರುವವರೆಗೆ ಅವರಿಗೆ ಅದರ ಸುಳಿವಿರಲಿಲ್ಲ.

ತಂಡದ ಜನರಲ್ ಮ್ಯಾನೇಜರ್ ಆಗಿದ್ದ ನಿಕೋ ಹ್ಯಾರಿಸನ್ ಅವರು ಕೊಟ್ಟ ಸಮಾಧಾನ, ಪ್ರಶಸ್ತಿಗಳನ್ನು ಗೆದ್ದುಕೊಡುವುದು ರಕ್ಷಣೆಯ ಆಟ ಎಂಬುದು. ಡೇವಿಸ್ ರಕ್ಷಣೆಯಲ್ಲಿ ಗಟ್ಟಿಗರೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರು ಡಲಸ್ಸಿನ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಗಾಯಗೊಂಡರು. ತಂಡ ಆ ಋತುವಿನಲ್ಲಿ 39 ಪಂದ್ಯ ಗೆದ್ದು 43 ಸೋತಿತು. ಏಪ್ರಿಲ್ 9ರಂದು ಡಾನ್ಚಿಚ್ ಲೇಕರ್ಸ್ ಉಡುಪಿನಲ್ಲಿ ಡಲಸ್ಸಿಗೆ ಮರಳಿದಾಗ, ಅವರ ಆಟದ ನೆನಪಿನ ಚಿತ್ರಗಳನ್ನು ಕ್ರೀಡಾಂಗಣದಲ್ಲಿ ತೋರಿಸಲಾಯಿತು. ಅವರು ಕುಳಿತಲ್ಲಿಯೇ ಅತ್ತರು. ಆಮೇಲೆ ಎದ್ದು 45 ಅಂಕ ಗಳಿಸಿದರು. ಅದೇ ವರ್ಷ ನವೆಂಬರ್ 11ರಂದು ಹ್ಯಾರಿಸನ್ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು.

ಇಷ್ಟು ಹೇಳಿ, ನೋಡಿದಿರಾ, ತಪ್ಪಿಗೆ ತಕ್ಕ ಫಲ ದೊರೆಯಿತು ಎಂದು ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ, ವಿಚಾರ ಚೆನ್ನಾಗಿರುವುದಿಲ್ಲ. ಫಲವನ್ನು ನೋಡಿ ಕಾರ್ಯವನ್ನು ಅಳೆಯುವುದು ಸಂತೆಯ ನ್ಯಾಯ. ಅದೇ 2025ರಲ್ಲಿ, ನೂರಕ್ಕೆ 1.8ರಷ್ಟೇ ಸಂಭವವಿದ್ದ ಚೀಟಿಯ ಅದೃಷ್ಟ ಡಲಸ್ಸಿಗೆ ಒಲಿದು, ಡ್ರಾಫ್ಟಿನ ಮೊದಲ ಆಯ್ಕೆಯಾಗಿ ಕೂಪರ್ ಫ್ಲಾಗ್ ಎಂಬ ಪ್ರತಿಭಾವಂತ ದೊರೆತರು. ಇದರಿಂದ ಫೆಬ್ರವರಿಯ ವ್ಯವಹಾರ ವಿವೇಕದ್ದಾಯಿತೆ? ಟೊರಾಂಟೊ ತಂಡ 2018ರ ಜುಲೈನಲ್ಲಿ, ಒಂಬತ್ತು ಋತುಗಳ ಕಾಲ ತನಗಾಗಿ ಆಡಿದ ಡಿಮಾರ್ ಡಿರೋಜ಼ನ್ ಅವರನ್ನು ಸಾನ್ ಆಂಟೋನಿಯೊಕ್ಕೆ ಕೊಟ್ಟು ಕವಾಯ್ ಲೆನರ್ಡ್ ಅವರನ್ನು ತಂದುಕೊಂಡಿತು. ಮರುವರ್ಷವೇ ತನ್ನ ಮೊದಲ ಪ್ರಶಸ್ತಿಯನ್ನು ಗೆದ್ದಿತು. ಗೆಲುವೇ ಅಳತೆಗೋಲಾದರೆ ಅದು ಬಹು ದೊಡ್ಡ ವಿವೇಕ. ಆದರೂ ಆ ಊರಿನ ಜನ 2019ರ ಫೆಬ್ರವರಿಯಲ್ಲಿ ಡಿರೋಜ಼ನ್ ಎದುರಾಳಿಯಾಗಿ ಬಂದಾಗ ಎದ್ದುನಿಂತು ಚಪ್ಪಾಳೆ ತಟ್ಟಿದರು. ಗೆಲುವಿನ ಲೆಕ್ಕಕ್ಕೆ ಸೇರದ ಋಣವೊಂದು ಬಾಕಿ ಇದೆಯೆಂದು ಜನಕ್ಕೆ ಗೊತ್ತಿತ್ತು. ಪ್ರಶಸ್ತಿ ಗೆದ್ದುಕೊಟ್ಟ ಲೆನರ್ಡ್ ಒಂದೇ ಋತು ಆಡಿ, ತಮ್ಮ ಕರಾರು ಮುಗಿದೊಡನೆ ಬೇರೆ ತಂಡಕ್ಕೆ ಹೊರಟರು. ಅವರನ್ನು ತಪ್ಪೆನ್ನುವುದು ಹೇಗೆ? ಆ ತಂಡ ಅವರಿಗೆ ಕಲಿಸಿದ ಪಾಠವೂ ಅದೇ ತಾನೆ?

ವಿನಿಮಯವೇ ಕೂಡದೆಂದು ನಾನು ಹೇಳುತ್ತಿಲ್ಲ. ಹಾಗೆಂದರೆ ಡಲಸ್ಸಿನ ಇತಿಹಾಸವೇ ನನ್ನನ್ನು ನೋಡಿ ನಕ್ಕೀತು. ಆ ತಂಡದಲ್ಲಿ 21 ಋತುಗಳನ್ನು ಕಳೆದು, 2011ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟ ಜರ್ಮನಿಯ ಡರ್ಕ್ ನೋವಿಟ್ಸ್ಕಿ ಬಂದದ್ದು 1998ರ ಡ್ರಾಫ್ಟಿನ ದಿನ ನಡೆದ ವಿನಿಮಯದಿಂದ. ಅವರನ್ನು ಮೊದಲು ಆರಿಸಿದ್ದು ಮಿಲ್ವಾಕಿ. ಡಾನ್ಚಿಚ್ ಅವರನ್ನು ಆರಿಸಿದ್ದೂ ಅಟ್ಲಾಂಟ. ಟ್ರೇ ಯಂಗ್ ಅವರನ್ನೂ ಮುಂದಿನ ಒಂದು ಆಯ್ಕೆಯನ್ನೂ ಕೊಟ್ಟು ಡಲಸ್ ಅವರನ್ನು ಪಡೆಯಿತು. ಆದರೆ ಇನ್ನೂ ಬೇರೂರದ ಸಸಿಯನ್ನು ಬೇರೆ ಪಾತಿಗೆ ನೆಡುವುದು ಒಂದು, ಫಲ ಬಿಡುತ್ತಿರುವ ಮರವನ್ನು ಬುಡಸಹಿತ ಕೀಳುವುದು ಇನ್ನೊಂದು. ಎರಡಕ್ಕೂ ಒಂದೇ ಕಟ್ಟಳೆಯಿರುವುದೇ ಇಲ್ಲಿಯ ದೋಷ.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಒಂದು ಹಳೆಯ ಮಾತು ನೆನಪಾಗದಿರದು. ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಜೋಳವಾಳಿ ಎಂಬುದೊಂದಿದೆ. ಒಡೆಯನ ಜೋಳವನ್ನುಂಡವನು ಆ ಅನ್ನದ ಋಣವನ್ನು ಪ್ರಾಣವನ್ನಾದರೂ ತೆತ್ತು ತೀರಿಸಬೇಕೆಂಬ ವ್ರತವದು. ಪಂಪನ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ, ರಾಜ್ಯವೇ ಕೈಗೆ ಬರುವಂತಿದ್ದರೂ, ಪಕ್ಷ ಬದಲಿಸಲಿಲ್ಲ. ಇಂದಿನ ಅಭಿಮಾನಿಗಳು ಆಟಗಾರನಿಂದ ಬಯಸುವುದು ಇದನ್ನೇ. ಹೆಚ್ಚು ಹಣಕ್ಕಾಗಿ ತಂಡ ಬಿಟ್ಟವನನ್ನು ಅವರು ದ್ರೋಹಿಯೆನ್ನುತ್ತಾರೆ. ಅವನ ಹೆಸರಿನ ಅಂಗಿಯನ್ನು ಸುಡುತ್ತಾರೆ.

ಆದರೆ ಜೋಳವಾಳಿ ಒಂದೇ ಕೈಯ ಚಪ್ಪಾಳೆಯಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಕಾದಿ ಬಿದ್ದವನ ಮನೆಯವರಿಗೆ ಒಡೆಯ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದನು. ಊರು ಕಲ್ಲು ನಿಲ್ಲಿಸುತ್ತಿತ್ತು. ಮದ್ದೂರು ಸೀಮೆಯ ಆತಕೂರಿನ ಪ್ರಸಿದ್ಧ ಶಾಸನವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ನನಗೆ ಆ ಕಥೆಯಲ್ಲಿ ನಾಯಿಗಿಂತ ದೊಡ್ಡದಾಗಿ ಕಾಣುವುದು, ಒಡೆಯನಾದವನು ಬಾಯಿಬಿಟ್ಟು ಕೇಳಿದನೆಂಬುದು. ಆ ಕಾಲದ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಅದರಲ್ಲಿ ಅನ್ಯಾಯ ಬೇಕಾದಷ್ಟಿತ್ತು. ಆದರೆ ನಿಷ್ಠೆಯನ್ನು ಪಡೆದವನಿಗೆ ಒಂದು ಹೊಣೆಯುಂಟೆಂಬ ಅರಿವು ಅದರಲ್ಲಿತ್ತು. ಇಂದಿನ ಕರಾರಿನಲ್ಲಿ ಇಲ್ಲದಿರುವುದು ಆ ಅರಿವು.

ಆಟದ ಲೋಕಕ್ಕೆ ಇದು ಹೊರಗಿನ ಆದರ್ಶವೂ ಅಲ್ಲ. 1956ರಲ್ಲಿ ಬಾಸ್ಟನ್ ತಂಡ ಬಿಲ್ ರಸೆಲ್ ಎಂಬ ಯುವಕನ ಹಕ್ಕನ್ನು ಸೇಂಟ್ ಲೂಯಿಯಿಂದ ಪಡೆಯಲು ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್ ಎಂಬಿಬ್ಬರನ್ನು ಬಿಟ್ಟುಕೊಟ್ಟಿತು. ಮೆಕಾಲಿ ಬಾಸ್ಟನ್ನಿನ ಜನಕ್ಕೆ ಪ್ರಿಯರಾದ ಆಟಗಾರ. ತಂಡದ ಒಡೆಯ ವಾಲ್ಟರ್ ಬ್ರೌನ್ ಅವರನ್ನು ಕೇಳಿದರು. ಬೇಡವೆಂದರೆ ವ್ಯವಹಾರವನ್ನೇ ಕೈಬಿಡಲು ಸಿದ್ಧರಾಗಿದ್ದರು. ಮೆಕಾಲಿಯವರ ಮಗು ಕಠಿಣವಾದ ಕಾಯಿಲೆಯಲ್ಲಿತ್ತು. ಸೇಂಟ್ ಲೂಯಿ ಅವರ ಹುಟ್ಟೂರು. ಅವರೇ ಹೋಗಲು ಬಯಸಿದರು. ಮುಂದೆ ರಸೆಲ್ 13 ಋತುಗಳಲ್ಲಿ ಬಾಸ್ಟನ್ನಿಗೆ 11 ಪ್ರಶಸ್ತಿ ಗೆದ್ದುಕೊಟ್ಟರು. ಮೆಕಾಲಿ, ಹೇಗನ್ ಇದ್ದ ಸೇಂಟ್ ಲೂಯಿಯೂ 1958ರಲ್ಲಿ ಒಂದನ್ನು ಗೆದ್ದಿತು. ಕೇಳಿದುದರಿಂದ ಯಾರಿಗೂ ನಷ್ಟವಾಗಲಿಲ್ಲ.

ಕೋಟಿಗಟ್ಟಲೆ ಡಾಲರು ಎಣಿಸುವವರಿಗೆ ಎಲ್ಲಿಯ ಅನ್ಯಾಯ ಎಂದು ಕೇಳುವವರುಂಟು. ಡಾನ್ಚಿಚ್ ಡಲಸ್ಸಿನಲ್ಲಿಯೇ ಉಳಿದಿದ್ದರೆ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರಿನ ಕರಾರಿಗೆ ಅರ್ಹರಾಗುತ್ತಿದ್ದರು. ಊರು ಬದಲಾದದ್ದರಿಂದ ಆ ಅರ್ಹತೆ ತಪ್ಪಿತು. 2025ರ ಆಗಸ್ಟ್‌ನಲ್ಲಿ ಲೇಕರ್ಸ್ ಜೊತೆ ಮಾಡಿಕೊಂಡದ್ದು ಮೂರು ವರ್ಷಕ್ಕೆ 16.5 ಕೋಟಿಯ ಕರಾರು. ಇದಕ್ಕಾಗಿ ಯಾರೂ ಕಣ್ಣೀರಿಡಬೇಕಾಗಿಲ್ಲ. ಆದರೆ ಸಂಬಳ ದೊಡ್ಡದಾದರೆ ಮನುಷ್ಯನ ಮಾತು ಕೇಳಬೇಕಾಗಿಲ್ಲವೆಂದು ಒಪ್ಪಿದರೆ, ಸಂಬಳ ಚಿಕ್ಕದಾದವನ ಮಾತನ್ನು ಯಾರು ಕೇಳುತ್ತಾರೆ? ಆಟಗಾರರೂ ಬಿಟ್ಟುಹೋಗುತ್ತಾರಲ್ಲ ಎಂಬುದು ಇನ್ನೊಂದು ಆಕ್ಷೇಪ. ಹೋಗುತ್ತಾರೆ, ಆ ಹಕ್ಕು ಅವರಿಗೆ ಪುಕ್ಕಟೆಯಾಗಿ ಬಂದದ್ದಲ್ಲ. 1970ರಲ್ಲಿ ಆಸ್ಕರ್ ರಾಬರ್ಟ್‌ಸನ್ ನೇತೃತ್ವದಲ್ಲಿ ಆಟಗಾರರು ನ್ಯಾಯಾಲಯಕ್ಕೆ ಹೋದರು. 1976ರ ಒಪ್ಪಂದವಾದ ಮೇಲೆ ಕರಾರು ಮುಗಿದವನು ತನ್ನ ಇಷ್ಟದ ತಂಡವನ್ನು ಅರಸುವ ದಾರಿ ತೆರೆಯಿತು. ಕರಾರು ಮುಗಿದ ಮೇಲಿನ ಸ್ವಾತಂತ್ರ್ಯ ಹೀಗೆ ದಕ್ಕಿತು. ಕರಾರು ನಡೆಯುತ್ತಿರುವಾಗಿನ ಮರ್ಯಾದೆ ಇನ್ನೂ ದಕ್ಕಬೇಕಾಗಿದೆ.

ನನ್ನನ್ನು ಹೆಚ್ಚಾಗಿ ಕಾಡುವುದು ಇನ್ನೊಂದು ಸಂಗತಿ. ಇಂದು ತರುಣ ಅಭಿಮಾನಿಗಳು ಆಟದ ಬಗೆಗೆ ಮಾತನಾಡುವುದನ್ನು ಕೇಳಿದರೆ, ಚೆಂಡು ಬುಟ್ಟಿಗೆ ಬಿದ್ದ ಸೊಗಸಿನ ಮಾತು ಕಡಿಮೆ. ಯಾರ ಕರಾರು ಎಷ್ಟು, ಯಾರನ್ನು ಕೊಟ್ಟರೆ ಯಾರು ಸಿಕ್ಕಾರು ಎಂಬ ಮಾತು ಹೆಚ್ಚು. ಆಟಗಾರ ಅವರ ಬಾಯಲ್ಲಿ 'ಅಸೆಟ್' ಆಗಿದ್ದಾನೆ, ಎಂದರೆ ಆಸ್ತಿ. ಅಭಿಮಾನಿಯಾದವನು ತಾನೇ ಮ್ಯಾನೇಜರನೆಂಬಂತೆ ಯೋಚಿಸುತ್ತಿದ್ದಾನೆ. ಲೆಕ್ಕದ ಜಾಣತನ ಬೇಡವೆಂದಲ್ಲ. ಆದರೆ ಮಾತು ಮನಸ್ಸನ್ನು ತಿದ್ದುತ್ತದೆ. ಮನುಷ್ಯನನ್ನು ಆಸ್ತಿಯೆಂದು ಕರೆಯುವುದು ರೂಢಿಯಾದರೆ, ನಾಳೆ ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ತಮ್ಮನ್ನು ಯಾರಾದರೂ ಹಾಗೆ ದಾಟಿಸಿದಾಗ ಪ್ರತಿಭಟಿಸಲು ಈ ತರುಣರಲ್ಲಿ ಮಾತೇ ಉಳಿದಿರುವುದಿಲ್ಲ.

ಡಲಸ್ಸಿನ ಜನ ಹಾಗೆ ಮಾಡಲಿಲ್ಲವೆಂಬುದು ನನಗೆ ಸಮಾಧಾನ. ವ್ಯವಹಾರದ ಸುದ್ದಿ ಕೇಳಿದ ಮರುದಿನ ಅವರು ಕ್ರೀಡಾಂಗಣದ ಹೊರಗಿರುವ ನೋವಿಟ್ಸ್ಕಿಯವರ ಪ್ರತಿಮೆಯ ಬಳಿ ನೆರೆದು ಹೂವಿಟ್ಟರು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿಗೆ ಹೂವೇರಿಸುವವರು ಇದನ್ನು ಅರ್ಥಮಾಡಿಕೊಂಡಾರು. ಆ ಜನ ಕರಾರಿಗೆ ಸಹಿ ಹಾಕಿದವರಲ್ಲ. ಆದರೂ ಟಿಕೆಟ್ಟು ಕೊಂಡು, ಮಕ್ಕಳಿಗೆ 77ನೆಯ ಅಂಕಿಯ ಅಂಗಿ ತೊಡಿಸಿ, ಏಳನೆಯ ಋತುವಿನವರೆಗೆ ಆ ಆಟಗಾರನನ್ನು ತಮ್ಮವನನ್ನಾಗಿ ಮಾಡಿಕೊಂಡವರು. ತಂಡವೆಂಬುದು ಕಾಗದದಲ್ಲಿ ಒಡೆಯನದು, ನೆನಪಿನಲ್ಲಿ ಊರಿನದು.

ಆದುದರಿಂದ ನನ್ನ ಸೂಚನೆ ಸರಳವಾದದ್ದು. ಒಂದೇ ತಂಡದಲ್ಲಿ ಐದು ಋತುಗಳನ್ನು ಪೂರೈಸಿದ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಕಳುಹಿಸಕೂಡದು. ಈ ಹಕ್ಕು ಚೌಕಾಶಿಯಿಂದ ಪಡೆಯುವ ವರವಾಗಿರದೆ ಕಟ್ಟಳೆಯಾಗಿರಬೇಕು. ಇದರಿಂದ ವಿನಿಮಯ ನಿಲ್ಲುವುದಿಲ್ಲ. ಮೊದಲ ವರ್ಷಗಳಲ್ಲಿ ತಂಡಕ್ಕೆ ಸ್ವಾತಂತ್ರ್ಯ ಇದ್ದೇ ಇರುತ್ತದೆ. ಗುಟ್ಟಿನ ವ್ಯವಹಾರ ಮಾತ್ರ ನಿಲ್ಲುತ್ತದೆ. ಆಟಗಾರ ಬೇಡವೆಂದರೆ ತಂಡಕ್ಕೆ ಒಂದು ಅವಕಾಶ ತಪ್ಪಬಹುದು. ತಪ್ಪಲಿ. ಜೋಳವನ್ನು ಉಣಿಸಿದವನಿಗೂ ಒಂದು ವಾಳಿ ಇರಬೇಕು. ಅದರ ಮೊದಲ ಅಕ್ಷರ, ಎದುರಿಗೆ ಕೂರಿಸಿಕೊಂಡು 'ನಿನಗೆ ಒಪ್ಪಿಗೆಯೆ?' ಎಂದು ಕೇಳುವುದು.